ಬಸಿರು ತಡೆಯ ಬಗ್ಗೆ ಹಳ್ಳಿ ಹೆಂಗಸರು ತಾವೇ ಕಲಿಯುವ ಕೈಪಿಡಿ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಗರ್ಭನಿರೋಧಕಗಳ ಬಗ್ಗೆ ಬರುವ ಕೈಪಿಡಿಗಳಲ್ಲಿ ಹೆಚ್ಚಿನವು ಗರ್ಭಕೋಶದ ಚಿತ್ರದಿಂದಲೇ ಶುರುವಾಗುತ್ತವೆ. ಅಂಡಾಶಯ ಎಲ್ಲಿದೆ, ಅಂಡನಾಳ ಎಲ್ಲಿದೆ, ವೀರ್ಯಾಣು ಹೇಗೆ ಬಂದು ಸೇರುತ್ತದೆ. ಮಾತ್ರೆಯ ವಿಷಯ ಬರುವ ಹೊತ್ತಿಗೆ ಓದುವವಳು ಪುಸ್ತಕ ಮಡಚಿ ಇಟ್ಟಿರುತ್ತಾಳೆ. ಅವಳ ತಲೆಯಲ್ಲಿದ್ದ ಪ್ರಶ್ನೆಗಳೇ ಬೇರೆ. ನಿನ್ನೆ ಮಾತ್ರೆ ಮರೆತೆ, ಈಗೇನು ಮಾಡಲಿ? ಇಂಜೆಕ್ಷನ್ ತಗೊಂಡ ಮೇಲೆ ಎರಡು ತಿಂಗಳಿಂದ ಮುಟ್ಟಾಗಿಲ್ಲ, ಬಸಿರಾಗಿದ್ದೀನಾ? ಮಗುವಿಗೆ ಹಾಲು ಕುಡಿಸುತ್ತಿದ್ದೀನಿ, ಇನ್ನೂ ಏನೂ ಬೇಕಿಲ್ಲ ಅಲ್ವಾ?

ಈ ಪ್ರಶ್ನೆಗಳು ಏಳುವಾಗ ಪಕ್ಕದಲ್ಲಿ ನರ್ಸ್ ಇರುವುದಿಲ್ಲ, ಆರೋಗ್ಯ ಕಾರ್ಯಕರ್ತೆಯೂ ಇರುವುದಿಲ್ಲ. ಆಗ ಕೈಗೆ ಸಿಗಬೇಕಾದದ್ದು ಕೈಪಿಡಿ. ಅದನ್ನು ಪಾಠದ ಪುಸ್ತಕದಂತೆ ಬರೆದರೆ ಉಪಯೋಗ ಕಡಿಮೆ. ಒಂಟಿಯಾಗಿ ನಿರ್ಧಾರ ಮಾಡಬೇಕಾದ ಗಳಿಗೆಗೆ ಉತ್ತರ ಕೊಡುವಂತೆ ಬರೆಯಬೇಕು. ಆರೋಗ್ಯ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿಗಳು, ಮಹಿಳಾ ಸಂಘ ನಡೆಸುವವರು ಇಂಥ ಕೈಪಿಡಿ ಮಾಡಲು ಹೊರಟರೆ ಕೆಲಸ ಹೇಗೆ ಸಾಗಬೇಕು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಮೊದಲು ಪ್ರಶ್ನೆಗಳನ್ನು ಕೂಡಿಹಾಕಿ

ಒಂದು ಸಾಲು ಬರೆಯುವ ಮೊದಲೇ ಹೆಂಗಸರ ಜೊತೆ ಕೂತು ಮಾತಾಡಿ. ಹೊಸದಾಗಿ ಮದುವೆಯಾದವರು, ಎಳೆ ಮಗುವಿನ ತಾಯಂದಿರು, ಇನ್ನು ಮಕ್ಕಳು ಸಾಕು ಅಂದವರು ಬೇರೆ ಬೇರೆ ಗುಂಪಾಗಿರಲಿ. ಅತ್ತೆ ಎದುರಿಗಿದ್ದರೆ ಸೊಸೆ ಬಾಯಿ ಬಿಡುವುದಿಲ್ಲ. ಅತ್ತೆಯಂದಿರ ಜೊತೆಗೂ ಗಂಡಂದಿರ ಜೊತೆಗೂ ಬೇರೆಯಾಗಿಯೇ ಮಾತಾಡಿ, ಏಕೆಂದರೆ ಅರ್ಧ ನಿರ್ಧಾರ ಆಗುವುದು ಅಲ್ಲಿ.

'ನಿಮಗೆ ಏನು ಗೊತ್ತು?' ಎಂದು ಕೇಳಬೇಡಿ. ಅದು ಪರೀಕ್ಷೆ ಅನ್ನಿಸುತ್ತದೆ. 'ನೀವು ಏನು ಬಳಸ್ತೀರಿ?' ಎಂದೂ ಹತ್ತು ಜನರ ಮುಂದೆ ಕೇಳಬೇಡಿ. 'ಮಾತ್ರೆ ತಗೊಂಡರೆ ಏನಾಗುತ್ತೆ ಅಂತ ಜನ ಹೇಳ್ತಾರೆ?' ಎಂದು ಕೇಳಿ ನೋಡಿ. ಊರವರ ಮಾತಿನ ನೆಪದಲ್ಲಿ ಅವರ ಸ್ವಂತ ಭಯವೇ ಹೊರಗೆ ಬರುತ್ತದೆ. ಬಂದದ್ದನ್ನು ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. 'ವಂಕಿ ಮೇಲಕ್ಕೆ ಹೋಗಿ ಎದೆಗೆ ಚುಚ್ಚುತ್ತಂತೆ' ಅಂದರೆ ಹಾಗೇ ಬರೆಯಿರಿ (ವಂಕಿ ಅಂದರೆ ಕಾಪರ್ ಟಿ, ಬಸಿರು ತಡೆಯಲು ಗರ್ಭಕೋಶದ ಒಳಗೆ ಇಡುವ ಚಿಕ್ಕ ಸಾಧನ). ಅದನ್ನು 'ಸಾಧನದ ಸ್ಥಾನಪಲ್ಲಟದ ಭೀತಿ' ಎಂದು ತಿದ್ದಿದರೆ ಮುಂದೆ ಉತ್ತರ ಬರೆಯುವಾಗ ಯಾರ ಭಯಕ್ಕೆ ಬರೆಯುತ್ತಿದ್ದೀರಿ ಅನ್ನುವುದೇ ಮರೆತುಹೋಗುತ್ತದೆ.

ಒಂದೊಂದು ಪ್ರಶ್ನೆಗೆ ಒಂದೊಂದು ಚೀಟಿ ಮಾಡಿ ನೆಲದ ಮೇಲೆ ಹರಡಿ, ಗುಂಪು ಮಾಡಿ. ಎಲ್ಲಿ ಚೀಟಿ ಜಾಸ್ತಿಯೋ ಅಲ್ಲಿ ಪುಟ ಜಾಸ್ತಿ.

ಹಂತ 2: ಯಾವುದಕ್ಕೆ ಎಷ್ಟು ಪುಟ ಎಂದು ತೀರ್ಮಾನಿಸಿ

ಎಲ್ಲ ವಿಧಾನಗಳಿಗೂ ಸಮಸಮ ಎರಡು ಪುಟ ಹಂಚುವುದು ಸುಲಭ. ನನ್ನ ಪ್ರಕಾರ ಅದು ತಪ್ಪು ಲೆಕ್ಕ. ಯಾಕೆ ಅನ್ನುವುದನ್ನು ಅಂಕಿಗಳೇ ಹೇಳುತ್ತವೆ.

ಯಾವ ವಿಧಾನವನ್ನೂ ಬಳಸದ 100 ದಂಪತಿಗಳಲ್ಲಿ ಒಂದು ವರ್ಷದೊಳಗೆ ಸುಮಾರು 85 ಹೆಂಗಸರು ಬಸಿರಾಗುತ್ತಾರೆ. ಗಂಡಸು ಕೊನೇ ಗಳಿಗೆಯಲ್ಲಿ ಹಿಂದೆ ಸರಿಯುವುದನ್ನೇ ನಂಬಿದರೆ ಸುಮಾರು 20. ಕಾಂಡೋಮ್ ಬಳಸುವವರಲ್ಲಿ 13, ಮಾತ್ರೆ ತಗೊಳ್ಳುವವರಲ್ಲಿ 7, ಇಂಜೆಕ್ಷನ್‌ನಲ್ಲಿ 4. ಕಾಪರ್ ಟಿ, ತೋಳಿಗೆ ಹಾಕುವ ಇಂಪ್ಲಾಂಟ್, ಹೆಂಗಸರ ಆಪರೇಷನ್, ಗಂಡಸರ ಆಪರೇಷನ್ ಈ ನಾಲ್ಕರಲ್ಲೂ ಒಬ್ಬರಿಗಿಂತ ಕಡಿಮೆ.

ಇವು ನಿಜ ಜೀವನದಲ್ಲಿ ಜನ ಬಳಸುವ ರೀತಿಯ ಲೆಕ್ಕ. ಒಂದು ದಿನವೂ ತಪ್ಪದೆ ಬಳಸಿದರೆ ಮಾತ್ರೆಯ 7 ಇಳಿದು ಒಂದಕ್ಕಿಂತ ಕಡಿಮೆ ಆಗುತ್ತದೆ, ಕಾಂಡೋಮ್‌ನ 13 ಇಳಿದು 2 ಆಗುತ್ತದೆ. ಕಾಪರ್ ಟಿಯಲ್ಲಿ ಅಂಥ ಅಂತರವೇ ಇಲ್ಲ. ಒಮ್ಮೆ ಹಾಕಿಸಿಕೊಂಡರೆ ದಿನಾ ನೆನಪಿಡಬೇಕಾದದ್ದೇನೂ ಇಲ್ಲವಲ್ಲ.

ಆ ಏಳಕ್ಕೂ ಒಂದಕ್ಕೂ ನಡುವೆ ಇರುವ ಜಾಗವೇ ನಿಮ್ಮ ಕೈಪಿಡಿಯ ಕೆಲಸದ ಜಾಗ. ಹಾಗಾಗಿ ಮಾತ್ರೆ, ಕಾಂಡೋಮ್, ಇಂಜೆಕ್ಷನ್‌ಗೆ ಬಳಸುವ ಕ್ರಮದ ಪುಟಗಳು ಜಾಸ್ತಿ ಇರಲಿ. ಕಾಪರ್ ಟಿ ಮತ್ತು ಆಪರೇಷನ್‌ಗೆ ನಿರ್ಧಾರಕ್ಕೆ ಮುಂಚಿನ ಪುಟಗಳು ಬೇಕು: ಹಾಕುವಾಗ ಏನಾಗುತ್ತದೆ, ಆಮೇಲೆ ಏನನ್ನು ಗಮನಿಸಬೇಕು, ಯಾವುದನ್ನು ವಾಪಸ್ ತೆಗೆಸಬಹುದು, ಯಾವುದು ಶಾಶ್ವತ.

ಅವಳ ಕೈಗೆ ಸಿಗದ ವಿಧಾನಕ್ಕೆ ಪುಟ ಖರ್ಚು ಮಾಡಬೇಡಿ. ಸಿಗುವುದನ್ನೆಲ್ಲ ಹೇಳಿ, ಯಾವುದನ್ನೂ ಒತ್ತಿ ಹೇಳಬೇಡಿ. 'ಇದೇ ಒಳ್ಳೇದು' ಅನ್ನುವ ಸಾಲು ಒಂದು ಕಡೆ ಇದ್ದರೂ ಓದುವವಳಿಗೆ ಅದು ತನ್ನನ್ನು ಒಪ್ಪಿಸಲು ಬರೆದ ಪುಸ್ತಕ ಎಂದು ಗೊತ್ತಾಗಿಬಿಡುತ್ತದೆ. ಮಕ್ಕಳು ಎಷ್ಟು, ಯಾವಾಗ, ಬೇಕೋ ಬೇಡವೋ ಅನ್ನುವುದು ಅವಳ ತೀರ್ಮಾನ.

ಹಂತ 3: ಬರೆಯಿರಿ, ಗಟ್ಟಿಯಾಗಿ ಓದಿ, ಮತ್ತೆ ಬರೆಯಿರಿ

ಇಲ್ಲಿ ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಕಾಣುವ ಬರಹ ಹೀಗಿರುತ್ತದೆ:

'ಮೌಖಿಕ ಗರ್ಭನಿರೋಧಕ ಗುಳಿಗೆಗಳ ಸೇವನೆಯಲ್ಲಿ ವ್ಯತ್ಯಯ ಉಂಟಾದಲ್ಲಿ ಫಲಾನುಭವಿಯು ಕೂಡಲೇ ಸಮೀಪದ ಆರೋಗ್ಯ ಕಾರ್ಯಕರ್ತೆಯನ್ನು ಸಂಪರ್ಕಿಸತಕ್ಕದ್ದು.'

ರಾತ್ರಿ ಹತ್ತು ಗಂಟೆಗೆ ಮಾತ್ರೆ ಪಟ್ಟಿ ಕೈಯಲ್ಲಿ ಹಿಡಿದು ಕೂತವಳಿಗೆ ಇದರಿಂದ ಏನೂ ಸಿಗುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು:

'ಒಂದು ಮಾತ್ರೆ ಮರೆತಿರಾ? ನೆನಪಾದ ಕೂಡಲೇ ನುಂಗಿ. ಇವತ್ತಿನ ಮಾತ್ರೆಯನ್ನು ಎಂದಿನ ಹೊತ್ತಿಗೇ ನುಂಗಿ. ಒಂದೇ ದಿನ ಎರಡಾದರೂ ತೊಂದರೆ ಇಲ್ಲ.

ಎರಡು ದಿನ ಅಥವಾ ಅದಕ್ಕಿಂತ ಹೆಚ್ಚು ಮರೆತಿರಾ? ಒಂದು ಮಾತ್ರೆ ಈಗಲೇ ನುಂಗಿ. ಮರೆತ ಉಳಿದ ಮಾತ್ರೆಗಳನ್ನು ಬಿಟ್ಟುಬಿಡಿ. ನಾಳೆಯಿಂದ ದಿನಕ್ಕೊಂದು ಮುಂದುವರಿಸಿ. ಮುಂದಿನ 7 ದಿನ ಕಾಂಡೋಮ್ ಇಲ್ಲದೆ ಗಂಡನ ಜೊತೆ ಸೇರಬೇಡಿ. ಕಳೆದ 5 ದಿನದಲ್ಲಿ ಸೇರಿದ್ದರೆ ತುರ್ತು ಮಾತ್ರೆ ಬೇಕಾ ಎಂದು ನರ್ಸ್ ಹತ್ತಿರ ಕೇಳಿ.

ಪಟ್ಟಿಯ ಕೊನೇ ಸಾಲಿನ, ಬೇರೆ ಬಣ್ಣದ ಮಾತ್ರೆ ಮರೆತಿರಾ? ಚಿಂತೆ ಇಲ್ಲ. ಅದನ್ನು ಎಸೆದು ಮುಂದಿನದನ್ನು ನುಂಗಿ.'

ಬರೆಯುವವರಿಗೆ ಮೂರು ಎಚ್ಚರಿಕೆ. ಈ ನಿಯಮ ಎರಡು ಹಾರ್ಮೋನ್ ಇರುವ ಸಾಮಾನ್ಯ ಮಾತ್ರೆಗೆ, 28 ಮಾತ್ರೆಗಳ ಪಟ್ಟಿಗೆ. ಹಾಲುಣಿಸುವ ತಾಯಂದಿರಿಗೆ ಕೊಡುವ ಒಂದೇ ಹಾರ್ಮೋನಿನ ಮಾತ್ರೆಗೆ ನಿಯಮ ಬೇರೆ. ಅವುಗಳಲ್ಲಿ ಕೆಲವು 3 ಗಂಟೆ ತಡವಾದರೂ ಮರೆತಂತೆಯೇ ಲೆಕ್ಕ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಹಾಳೆ, ಬೇರೆ ಬೇರೆ ಬಣ್ಣ. ಎರಡನೆಯದು, ಕಾಂಡೋಮ್ ಬೇಕು ಅನ್ನುವ ಗೆರೆಯನ್ನು ಕೆಲವು ಮಾರ್ಗಸೂಚಿಗಳು ಎರಡು ಮಾತ್ರೆಗೆ ಎಳೆದರೆ ವಿಶ್ವ ಆರೋಗ್ಯ ಸಂಸ್ಥೆ ಮೂರಕ್ಕೆ ಎಳೆಯುತ್ತದೆ. ನಿಮ್ಮಲ್ಲಿನ ಆರೋಗ್ಯ ಇಲಾಖೆ ಯಾವುದನ್ನು ಪಾಲಿಸುತ್ತದೋ ಅದೊಂದನ್ನೇ ಬರೆಯಿರಿ. ಎರಡನ್ನೂ ಬರೆದರೆ ಅವಳಿಗೆ ಗೊಂದಲ. ಮೂರನೆಯದು, ಕಾಂಡೋಮ್ ಬೇಕಾಗುವಷ್ಟು ಮಾತ್ರೆ ಮರೆತದ್ದು ಹಾರ್ಮೋನ್ ಇರುವ ಕೊನೇ ವಾರದಲ್ಲಾದರೆ ಹಾರ್ಮೋನ್ ಇಲ್ಲದ ಬೇರೆ ಬಣ್ಣದ ಸಾಲನ್ನು ಬಿಟ್ಟು ನೇರ ಹೊಸ ಪಟ್ಟಿ ಶುರು ಮಾಡಬೇಕು. ಇದನ್ನು ಮಾತಿನಲ್ಲಿ ವಿವರಿಸಲು ಹೋಗಬೇಡಿ. ಪಟ್ಟಿಯ ಚಿತ್ರ ಬರೆದು ಬಾಣ ಹಾಕಿ ತೋರಿಸಿ.

ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ. ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಿರಿ.

ಹಂತ 4: ಭಯಗಳಿಗೆ ಉತ್ತರ ಕೊಡಿ, ಸುಳ್ಳು ಧೈರ್ಯ ಬೇಡ

ಕೈಪಿಡಿಯ ಜೀವ ಇರುವುದು ಇಲ್ಲಿ. ಹೆಂಗಸರು ಒಂದು ವಿಧಾನವನ್ನು ಅರ್ಧಕ್ಕೆ ಬಿಡುವಾಗ ಹೆಚ್ಚಿನ ಸಲ ಕಾರಣ ಅಡ್ಡ ಪರಿಣಾಮ, ಅಥವಾ ಅದರ ಭಯ. ಹೀಗಾಗಬಹುದು ಎಂದು ಯಾರೂ ಮುಂಚೆ ಹೇಳಿರುವುದಿಲ್ಲ. ಆದಾಗ ಗಾಬರಿ.

ಇಂಜೆಕ್ಷನ್ ನೋಡಿ. ಮೂರು ತಿಂಗಳಿಗೊಮ್ಮೆ ತಗೊಳ್ಳುವ ಡಿಎಂಪಿಎ ಇಂಜೆಕ್ಷನ್‌ನಲ್ಲಿ ಮೊದಲ ತಿಂಗಳುಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಾಣಿಸಿಕೊಳ್ಳಬಹುದು. ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ಮುಟ್ಟು ನಿಂತೇ ಹೋಗುತ್ತದೆ. 'ಕೆಟ್ಟ ರಕ್ತ ಒಳಗೇ ಕಟ್ಟಿಕೊಳ್ತಿದೆ' ಅನ್ನುವ ಭಯ ಅಲ್ಲಿಂದ ಹುಟ್ಟುತ್ತದೆ. ಉತ್ತರ ಸರಳ: ಇಂಜೆಕ್ಷನ್ ಇರುವಾಗ ಗರ್ಭಕೋಶದ ಒಳಪದರ ದಪ್ಪಗೆ ಬೆಳೆಯುವುದೇ ಇಲ್ಲ, ಹಾಗಾಗಿ ಹೊರಗೆ ಹೋಗಲು ಅಲ್ಲಿ ಏನೂ ಇರುವುದಿಲ್ಲ. ಇಷ್ಟು ಸಾಕು. ಇದರ ಜೊತೆಗೇ ಇನ್ನೊಂದು ಮಾತನ್ನೂ ಬಚ್ಚಿಡದೆ ಹೇಳಬೇಕು. ಇಂಜೆಕ್ಷನ್ ಬಿಟ್ಟ ಮೇಲೆ ಬಸಿರಾಗುವುದು ತಡವಾಗುತ್ತದೆ, ಕೊನೇ ಇಂಜೆಕ್ಷನ್ ಆಗಿ ಸರಾಸರಿ 10 ತಿಂಗಳು ಹಿಡಿಯಬಹುದು. ಮುಂದಿನ ವರ್ಷವೇ ಮಗು ಬೇಕು ಅನ್ನುವವಳಿಗೆ ಇದು ಗೊತ್ತಿರಬೇಕು. ಇಲ್ಲದಿದ್ದರೆ ಆರು ತಿಂಗಳಿಗೇ 'ಇಂಜೆಕ್ಷನ್ ತಗೊಂಡು ಬಂಜೆಯಾದೆ' ಅಂದುಕೊಳ್ಳುತ್ತಾಳೆ, ನಾಲ್ಕು ಜನಕ್ಕೆ ಹೇಳುತ್ತಾಳೆ ಕೂಡ. ದಿನ ದಾಟಿದರೂ ಗಾಬರಿ ಬೇಡ ಎಂದೂ ಬರೆಯಿರಿ: 4 ವಾರ ತಡವಾಗುವವರೆಗೆ ಮುಂದಿನ ಇಂಜೆಕ್ಷನ್ ಕೊಡಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕಾಪರ್ ಟಿ ಎದೆಗೆ ಹೋಗುತ್ತದೆ ಅನ್ನುವ ಮಾತಿಗೆ 'ಎಂದಿಗೂ ಸಾಧ್ಯವಿಲ್ಲ, ಏನೂ ಆಗಲ್ಲ' ಎಂದು ಬರೆದು ಮುಗಿಸಬೇಡಿ. ಅದು ಗರ್ಭಕೋಶದ ಒಳಗೇ ಇರುತ್ತದೆ, ಎದೆಗೆ ಹೋಗಲು ಅಲ್ಲಿಂದ ದಾರಿ ಇಲ್ಲ. ಆದರೆ ಕೆಲವರಿಗೆ ತಾನಾಗಿ ಜಾರಿ ಹೊರಗೆ ಬರಬಹುದು. ಹಾಕುವಾಗ ಗರ್ಭಕೋಶದ ಗೋಡೆಗೆ ತೂತಾಗುವುದು ಸಾವಿರಕ್ಕೆ ಒಬ್ಬರಿಗೆ ಆಗುವಂಥದ್ದು, ಬಹಳ ಅಪರೂಪ. ಮೊದಲ 3 ರಿಂದ 6 ತಿಂಗಳು ಮುಟ್ಟಿನ ರಕ್ತ, ನೋವು ಜಾಸ್ತಿ ಇರಬಹುದು, ಬರಬರುತ್ತಾ ಕಡಿಮೆಯಾಗುತ್ತದೆ. 380ಎ ಮಾದರಿಯದು 10 ವರ್ಷ ಕೆಲಸ ಮಾಡುತ್ತದೆ, ಬೇಡವೆಂದ ದಿನ ತೆಗೆಸಬಹುದು. ಹೀಗೆ ಪೂರ್ತಿ ಹೇಳಿದರೆ ನಂಬಿಕೆ ಬರುತ್ತದೆ.

ಬರೆಯುವಾಗ ಒಂದು ಉಪಾಯ: ತಪ್ಪು ನಂಬಿಕೆಯನ್ನು ದಪ್ಪ ಅಕ್ಷರದಲ್ಲಿ ತಲೆಬರಹ ಮಾಡಬೇಡಿ. ಮಗುಚಿ ನೋಡಿದವರಿಗೆ ಅದೊಂದೇ ನೆನಪಲ್ಲಿ ಉಳಿಯುತ್ತದೆ. ನಿಜವನ್ನು ತಲೆಬರಹ ಮಾಡಿ, ನಂಬಿಕೆಯನ್ನು ಕೆಳಗೆ ಒಂದು ಸಾಲಿನಲ್ಲಿ ಮುಗಿಸಿ.

ಹಾಲುಣಿಸುವ ತಾಯಿಯ ವಿಷಯಕ್ಕೆ ಒಂದು ಇಡೀ ಪುಟ ಮೀಸಲಿಡಿ. ಹಾಲುಣಿಸುವುದೂ ಬಸಿರು ತಡೆಯುತ್ತದೆ, ಆದರೆ ಮೂರು ಷರತ್ತು ಒಟ್ಟಿಗೆ ಇರಬೇಕು: ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲೇ ಆಹಾರವಾಗಿರಬೇಕು, ಮುಟ್ಟು ಮತ್ತೆ ಶುರುವಾಗಿರಬಾರದು. ಒಂದು ತಪ್ಪಿದರೂ ಅವತ್ತಿನಿಂದಲೇ ಬೇರೆ ವಿಧಾನ ಬೇಕು. 'ಮುಟ್ಟಾಗಲಿ, ಆಮೇಲೆ ನೋಡೋಣ' ಅನ್ನುವವರಿಗೆ ಹೇಳಬೇಕಾದದ್ದು ಇದು: ಮುಟ್ಟಾಗುವ ಮೊದಲೇ ಅಂಡ ಬಿಡುಗಡೆಯಾಗುತ್ತದೆ, ಮುಟ್ಟು ಕಾಣದೆಯೇ ಮತ್ತೆ ಬಸಿರಾಗಬಹುದು.

ತುರ್ತು ಮಾತ್ರೆಗೆ ಅರ್ಧ ಪುಟ ಸಾಕು. ಸೇರಿದ ಮೇಲೆ ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೇದು, 3 ದಿನದೊಳಗಾದರೆ ಚೆನ್ನ, 5 ದಿನ ಕೊನೆ. ಆಗಲೇ ನಿಂತ ಬಸಿರನ್ನು ಅದು ತೆಗೆಯುವುದಿಲ್ಲ. ದಿನಾ ಬಳಸುವ ವಿಧಾನವೂ ಅದಲ್ಲ.

ಹಂತ 5: ಓದು ಬಾರದವರಿಗೆ ಚಿತ್ರ ಮತ್ತು ದನಿ

ಚಿತ್ರ ಎಲ್ಲರಿಗೂ ಅರ್ಥವಾಗುತ್ತದೆ ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಎಡದಿಂದ ಬಲಕ್ಕೆ ನೋಡುವುದು ಓದು ಕಲಿತವರ ಅಭ್ಯಾಸ. ನಾಲ್ಕು ಚಿತ್ರಗಳ ಸಾಲನ್ನು ಓದು ಬಾರದವರು ಯಾವುದರಿಂದ ಬೇಕಾದರೂ ನೋಡಲು ಶುರು ಮಾಡಬಹುದು. ಹಾಗಾಗಿ ಒಂದು ಹಾಳೆಗೆ ಒಂದೇ ಹೆಜ್ಜೆ. ದೇಹದಿಂದ ಬೇರೆ ಮಾಡಿ ಬರೆದ ಗರ್ಭಕೋಶ ಏನೆಂದು ಗುರುತು ಸಿಗುವುದಿಲ್ಲ. ಇಡೀ ಹೆಂಗಸನ್ನು ಬರೆದು, ಹೊಟ್ಟೆಯ ಕೆಳಗೆ ಅದನ್ನು ತೋರಿಸಿ. ಬೇಡ ಅನ್ನಲು ಹಾಕುವ ಅಡ್ಡಗೆರೆಯೂ ಕೆಲವರಿಗೆ ಬರೀ ಗೀಚಿದಂತೆ ಕಾಣುತ್ತದೆ. ಹಳೇ ಕಥೆಯೊಂದಿದೆ: ಕೋಲಿಗೆ ಕಾಂಡೋಮ್ ಹಾಕಿ ತೋರಿಸಿದರೆ ಜನ ಮನೆಗೆ ಹೋಗಿ ಕೋಲಿಗೇ ಹಾಕಿಟ್ಟರಂತೆ. ನಡೆದದ್ದೋ ಕಟ್ಟಿದ್ದೋ, ನಾಚಿಕೆಗೆ ಬಿದ್ದು ಸುತ್ತಿ ಬಳಸಿ ತೋರಿಸಿದರೆ ಆಗುವುದು ಅದೇ.

ಓದು ಬೇಡದ, ತಾನೇ ಬಳಸಬಹುದಾದ ಸಾಧನ ಹೇಗಿರಬೇಕು ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ರೂಪಿಸಿದ ಸೈಕಲ್‌ಬೀಡ್ಸ್ ಮಣಿಸರ. ಅದರಲ್ಲಿ 32 ಮಣಿಗಳಿವೆ, ದಿನಕ್ಕೊಂದು. ಮುಟ್ಟಾದ ದಿನ ಕೆಂಪು ಮಣಿಗೆ ರಬ್ಬರ್ ಉಂಗುರ ಹಾಕಿ, ದಿನಾ ಒಂದು ಮಣಿ ಮುಂದೆ ಸರಿಸಬೇಕು. ಕಂದು ಮಣಿ ಇದ್ದ ದಿನ ಬಸಿರಾಗುವ ಸಂಭವ ಕಡಿಮೆ. 8ನೇ ದಿನದಿಂದ 19ನೇ ದಿನದವರೆಗೆ ಬಿಳಿ ಮಣಿ, ಆಗ ಸೇರಬಾರದು ಅಥವಾ ಕಾಂಡೋಮ್ ಬೇಕು. ಬಿಳಿ ಮಣಿ ಕತ್ತಲಲ್ಲೂ ಹೊಳೆಯುತ್ತದೆ! ಯಾರು ಬಳಸಬಾರದು ಅನ್ನುವುದನ್ನೂ ಸರವೇ ಹೇಳುತ್ತದೆ. 27ನೇ ಮಣಿಯ ಬಣ್ಣ ಗಾಢ. ಅಲ್ಲಿಗೆ ಬರುವ ಮೊದಲೇ ಮುಟ್ಟಾದರೆ, ಅಥವಾ ಕೊನೇ ಮಣಿ ದಾಟಿದರೂ ಮುಟ್ಟಾಗದಿದ್ದರೆ, ಅವಳ ಚಕ್ರ 26 ರಿಂದ 32 ದಿನದೊಳಗೆ ಇಲ್ಲ ಎಂದರ್ಥ. 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸರಿಯಾಗಿ ಬಳಸಿದರೆ ವರ್ಷಕ್ಕೆ 100ರಲ್ಲಿ 5 ಜನ, ಸಾಮಾನ್ಯ ಬಳಕೆಯಲ್ಲಿ 12 ಜನ ಬಸಿರಾಗುತ್ತಾರೆ. ಇದನ್ನೇ ಬಳಸಿ ಎಂದು ನಾನು ಹೇಳುತ್ತಿಲ್ಲ. ಸೂಚನೆ, ಲೆಕ್ಕ, ಎಚ್ಚರಿಕೆ ಮೂರೂ ಒಂದೇ ವಸ್ತುವಿನಲ್ಲಿ ಅಡಗಿರುವ ಬಗೆಯನ್ನು ಗಮನಿಸಿ.

ದನಿಗೆ ಎರಡು ಮೂರು ನಿಮಿಷದ ಆಡಿಯೋ ಸಾಕು. ಒಂದು ಆಡಿಯೋಗೆ ಒಂದೇ ಪ್ರಶ್ನೆ. ಭಾಷಣಕ್ಕಿಂತ ಇಬ್ಬರ ಮಾತುಕತೆ ಚೆನ್ನಾಗಿ ಕೂರುತ್ತದೆ:

'ಅಕ್ಕ, ಒಂದು ಮಾತು ಕೇಳ್ಲಾ? ಸೂಜಿ ಹಾಕಿಸಿಕೊಂಡು ಮೂರು ತಿಂಗಳಾಯ್ತು. ಮುಟ್ಟೇ ಆಗಿಲ್ಲ.'
'ದಿನಕ್ಕೆ ಸರಿಯಾಗಿ ಹಾಕಿಸಿಕೊಂಡಿದ್ಯಾ?'
'ಹೂಂ ಅಕ್ಕ. ನಿನ್ನೆ ಎರಡನೇದೂ ಆಯ್ತು.'
'ಹಾಗಾದ್ರೆ ಹೆದರ್ಬೇಡ. ಸೂಜಿ ಹಾಕಿಸಿಕೊಂಡವರಲ್ಲಿ ಎಷ್ಟೋ ಜನಕ್ಕೆ ಹೀಗೇ. ಒಳಗೆ ಏನೂ ಕಟ್ಟಿಕೊಳ್ಳಲ್ಲ. ಆದರೂ ವಾಂತಿ, ಸಂಕಟ ಏನಾದ್ರೂ ಇದ್ರೆ ನರ್ಸಮ್ಮನ ಹತ್ರ ಒಂದು ಸಲ ತೋರ್ಸು.'

ಹಂತ 6: ಕೆಂಪು ಪುಟ

ತಾನೇ ಓದಿ ಕಲಿಯುವುದಕ್ಕೂ ಮಿತಿ ಇದೆ. ಆ ಮಿತಿ ಒಂದೇ ಪುಟದಲ್ಲಿ, ಎದ್ದು ಕಾಣುವಂತೆ ಇರಲಿ. ಮಾತ್ರೆ ತಗೊಳ್ಳುವಾಗ ಹೊಟ್ಟೆಯಲ್ಲಿ ತೀವ್ರ ನೋವು, ಎದೆನೋವು ಅಥವಾ ಉಸಿರುಗಟ್ಟುವುದು, ಹಿಂದೆಂದೂ ಇಲ್ಲದಂಥ ತಲೆನೋವು, ಕಣ್ಣು ಮಂಜಾಗುವುದು, ಒಂದು ಕಾಲಿನ ಮೀನಖಂಡದಲ್ಲಿ ನೋವು, ಊತ ಇವುಗಳಲ್ಲಿ ಯಾವುದಾದರೂ ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ. ಕಾಪರ್ ಟಿ ಇದ್ದವರಿಗೆ ಕಿಬ್ಬೊಟ್ಟೆ ನೋವಿನ ಜೊತೆ ಜ್ವರ, ವಾಸನೆಯ ಸ್ರಾವ, ಮುಟ್ಟು ತಪ್ಪುವುದು, ಕಾಪರ್ ಟಿಯಿಂದ ಕೆಳಗೆ ಇಳಿಬಿದ್ದಿರುವ ದಾರ ಕೈಗೆ ಸಿಗದಿರುವುದು ಇವು ಕಂಡರೂ ಆಸ್ಪತ್ರೆಗೆ.

ಮಾತ್ರೆ ಶುರು ಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇಲ್ಲೇ ಬರಲಿ. ಬಿ.ಪಿ. ಇದೆಯಾ? ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ಕಣ್ಣು ಮುಂದೆ ಮಿಂಚು ಹೊಡೆದಂತಾಗಿ ಅರೆತಲೆನೋವು ಬರುತ್ತಾ? 35 ದಾಟಿ ಬೀಡಿ, ಸಿಗರೇಟು ಸೇದುವವರಾ? ಮಗು 6 ತಿಂಗಳಿಗಿಂತ ಚಿಕ್ಕದಿದ್ದು ಹಾಲುಣಿಸುತ್ತಿದ್ದೀರಾ? ಕ್ಷಯಕ್ಕೆ ಅಥವಾ ಮೂರ್ಛೆ ರೋಗಕ್ಕೆ ಮಾತ್ರೆ ತಗೊಳ್ಳುತ್ತಿದ್ದೀರಾ? ಒಂದಕ್ಕೆ ಹೌದು ಅಂದರೂ ಡಾಕ್ಟರ್ ನೋಡುವವರೆಗೆ ಈ ಮಾತ್ರೆ ಬೇಡ, ಅಲ್ಲಿಯವರೆಗೆ ಕಾಂಡೋಮ್. ಎಚ್‌ಐವಿ, ಲೈಂಗಿಕ ರೋಗಗಳಿಂದಲೂ ಕಾಪಾಡುವುದು ಕಾಂಡೋಮ್ ಮಾತ್ರ ಅನ್ನುವುದನ್ನು ಇಲ್ಲಿಯೂ ಇನ್ನೊಮ್ಮೆ ಹೇಳಿ.

ಹಂತ 7: ಗಂಡಸರಿಗೊಂದು ಹಾಳೆ

ಚಿಕ್ಕದಾದರೂ ಇರಲಿ. ಗಂಡಸರ ಆಪರೇಷನ್ ಹೆಂಗಸರದಕ್ಕಿಂತ ಸಣ್ಣದು, ಹೊಟ್ಟೆ ಕೊಯ್ಯುವುದಿಲ್ಲ, ಗಂಡಸ್ತನವಾಗಲಿ ದುಡಿಯುವ ಶಕ್ತಿಯಾಗಲಿ ಕಡಿಮೆಯಾಗುವುದಿಲ್ಲ. ಆದರೆ ಮೊದಲ 3 ತಿಂಗಳು ಬೇರೆ ವಿಧಾನ ಬೇಕೇ ಬೇಕು. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಈ ಒಂದು ಸಾಲು ಬಿಟ್ಟುಹೋದರೆ, ಎರಡನೇ ತಿಂಗಳಲ್ಲಿ ಹೆಂಡತಿ ಬಸಿರಾದಾಗ ಅನುಮಾನ ಬೀಳುವುದು ಅವಳ ಮೇಲೆ.

ಹಂತ 8: ಅಚ್ಚಿಗೆ ಮೊದಲು ಪರೀಕ್ಷಿಸಿ

ಸ್ವಕಲಿಕೆಯ ಕೈಪಿಡಿಗಳನ್ನು ಅಳೆಯಲು ಓದುವ ಮುಂಚೆ ಒಂದು ಪ್ರಶ್ನೆಪತ್ರಿಕೆ, ಓದಿದ ಮೇಲೆ ಅದೇ ಪ್ರಶ್ನೆಪತ್ರಿಕೆ ಕೊಡುವುದು ರೂಢಿ. ಅಂಕ ಏರುತ್ತದೆ, ವರದಿ ಚೆನ್ನಾಗಿ ಬರುತ್ತದೆ. ಆದರೆ ನೆನ್ನೆ ಓದಿದ್ದನ್ನು ಇವತ್ತು ಹೇಳುವುದು ನೆನಪಿನ ಪರೀಕ್ಷೆ. ಕೆಲಸದ ಪರೀಕ್ಷೆ ಬೇರೆಯೇ ಇದೆ. ಎರಡು ಮಾತ್ರೆ ಬಿಟ್ಟುಹೋದ ಪಟ್ಟಿಯೊಂದನ್ನು ಕೈಗೆ ಕೊಡಿ. ಕೈಪಿಡಿಯೂ ಕೈಯಲ್ಲಿರಲಿ. 'ಇದು ನಿಮ್ಮ ತಂಗಿಯ ಪಟ್ಟಿ ಅಂದುಕೊಳ್ಳಿ. ಅವಳಿಗೆ ಈಗ ಏನು ಹೇಳ್ತೀರಿ?' ಎಂದು ಕೇಳಿ ಸುಮ್ನೆ ಕೂತುಬಿಡಿ. ಯಾವ ಪುಟ ತೆಗೆಯುತ್ತಾರೆ, ಎಲ್ಲಿ ಬೆರಳು ನಿಲ್ಲುತ್ತದೆ, ಯಾವ ಪದ ಹಾರಿಸುತ್ತಾರೆ ನೋಡಿ. ನೆರವಿಗೆ ಹೋಗಬೇಡಿ. ಬಾಯಿಬಿಟ್ಟು ವಿವರಿಸಬೇಕು ಅನ್ನಿಸಿದ ಜಾಗದಲ್ಲೇ ನಿಮ್ಮ ಬರಹ ಸೋತಿದೆ.

ನಾಲ್ಕೈದು ಹೆಂಗಸರಿಗೆ ತೋರಿಸಿ, ತಿದ್ದಿ, ಬೇರೆ ನಾಲ್ಕೈದು ಜನಕ್ಕೆ ತೋರಿಸಿ. ಒಂದೇ ಸಲ ಐವತ್ತು ಜನಕ್ಕೆ ತೋರಿಸುವುದಕ್ಕಿಂತ ಇದೇ ವಾಸಿ. ವೈದ್ಯಕೀಯ ವಿಷಯವನ್ನು ಮಾತ್ರ ತಜ್ಞ ವೈದ್ಯೆಯೊಬ್ಬರು ಸಾಲು ಸಾಲಾಗಿ ಓದಲೇಬೇಕು. ಅವರು ಕಷ್ಟದ ಪದಗಳನ್ನು ವಾಪಸ್ ತುರುಕಿದರೆ ವಿಷಯ ಇಟ್ಟುಕೊಳ್ಳಿ, ಪದ ಬಿಡಿ.

ಹಂತ 9: ಕೈಗೆ ತಲುಪಿಸುವುದು

ಎಲ್ಲರ ಕಣ್ಣಿಗೆ ಬೀಳುವಂತಿದ್ದರೆ ಅದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕ ಗಾತ್ರ, ಮುಖಪುಟದ ಮೇಲೆ 'ತಾಯಿ ಮಗುವಿನ ಆರೋಗ್ಯ' ಅನ್ನುವಂಥ ಹೆಸರು, ಒದ್ದೆಯಾದರೂ ಹರಿಯದ ಕಾಗದ. ಫೋನಿಗೆ ಆಡಿಯೋ ಕಳಿಸುವುದಾದರೆ ಮೊದಲು ಕೇಳಿ: ಈ ಫೋನ್ ಯಾರ್ಯಾರು ನೋಡುತ್ತಾರೆ? ಮನೆಯಲ್ಲಿ ಹೊಡೆತ, ಬೈಗುಳ ಇರುವ ಹೆಂಗಸಿಗೆ ಒಂದು ಆಡಿಯೋ ಫೈಲ್ ಕೂಡ ಅಪಾಯ ತರಬಹುದು. ಅಂಥವಳು ಕೇಂದ್ರಕ್ಕೆ ಬಂದು ಕೇಳಿ ಹೋಗಲಿ.

ಚರ್ಮದ ಕೆಳಗೆ ಚುಚ್ಚುವ ಡಿಎಂಪಿಎಯನ್ನು ತರಬೇತಿ ಪಡೆದ ಹೆಂಗಸರು ತಾವೇ ಹಾಕಿಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಶಿಫಾರಸು ಮಾಡಿತು. ಅದು ಸಿಗುವ ಕಡೆ ಕೈಪಿಡಿಯ ಹೊಣೆ ಇನ್ನೂ ದೊಡ್ಡದು. ಅದಕ್ಕೆ ಮಾತ್ರ ಮೊದಲ ಸಲ ಕಾರ್ಯಕರ್ತೆಯ ಎದುರಿಗೇ ಹಾಕಿಸಿ, ಆಮೇಲೆ ಹಾಳೆ ಕೊಟ್ಟು ಕಳಿಸಿ.

ಪುಟಗಳನ್ನು ಹೊಲಿಯಬೇಡಿ, ಉಂಗುರಕ್ಕೆ ಪೋಣಿಸಿ. ನಿಯಮ ಬದಲಾದಾಗ ಆ ಒಂದು ಹಾಳೆ ತೆಗೆದು ಹೊಸದು ಹಾಕಬಹುದು. ಪ್ರತಿ ಹಾಳೆಯ ಅಡಿಯಲ್ಲಿ ತಿಂಗಳು, ಇಸವಿ ಇರಲಿ. ಕೊನೇ ಪುಟದಲ್ಲಿ ಫೋನ್ ನಂಬರ್ ಅಚ್ಚು ಹಾಕಿಸುವ ಬದಲು ಖಾಲಿ ಗೆರೆ ಬಿಡಿ. ಕಾರ್ಯಕರ್ತೆ ಬದಲಾಗುತ್ತಿರುತ್ತಾರೆ. ಕೈಪಿಡಿ ಕೊಡುವವರೇ ಪೆನ್ನಿನಿಂದ ನಂಬರ್ ಬರೆದು, ಅಲ್ಲೇ ಒಂದು ಸಲ ಡಯಲ್ ಮಾಡಿ ನೋಡಲಿ.